ಇಪ್ಪತ್ತನೇ ಸಲ ಕೇಳಿದ ಮೇಲೆ ಮಾತಾಡೋಣ

ಒಂದೇ ಸಲ ಕೇಳಿ ಆಲ್ಬಂ ಸೂಪರ್ ಅನ್ನುವವರ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಮೊದಲ ಸಲ ಇಷ್ಟವಾಗುವುದರಲ್ಲಿ ಅರ್ಧ ಅವತ್ತಿನ ನಮ್ಮ ಮೂಡು. ಇಪ್ಪತ್ತನೇ ಸಲಕ್ಕೆ ಅದೆಲ್ಲ ಸವೆದು ಹೋಗಿ ಬಾಕಿ ಏನು ಉಳಿಯುತ್ತೆ, ಅದು ನನ್ನ ಲೆಕ್ಕ. ಜಾಝ್, ಹಿಂದೂಸ್ತಾನಿ, ಭಾವಗೀತೆ ಮೂರನ್ನೂ ಒಂದೇ ತಕ್ಕಡಿಯಲ್ಲಿ ಹೇಗ್ರೀ ತೂಗ್ತೀರಿ ಅಂತ ಗೆಳೆಯರು ನಗ್ತಾರೆ. ಈ ಒಂದು ತಕ್ಕಡಿಯಲ್ಲಿ ತೂಗಬಹುದು.

ಡೊಂಬಿವಲಿಯಿಂದ ವಿ.ಟಿ.ಗೆ (ಹೆಸರು ಸಿ.ಎಸ್.ಎಂ.ಟಿ. ಆದರೂ ನನ್ನ ಬಾಯಲ್ಲಿ ವಿ.ಟಿ.ಯೇ) ಲೋಕಲ್‌ನಲ್ಲಿ ಒಂದು ಗಂಟೆಗೂ ಮೇಲೆ. ಎಲ್.ಪಿ. ಕಾಲದ ಆಲ್ಬಂ ಅಂದರೆ 40-45 ನಿಮಿಷ. ಹೋಗ್ತಾ ಒಂದು, ಬರ್ತಾ ಒಂದು, ಪೂರ್ತಿ ಮುಗಿಯುತ್ತೆ.

ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' 1959ರದು. ಜಾಝ್ ಗೊತ್ತಿಲ್ಲದವರಿಗೂ, ರಾಗ ಕೇಳಿ ಅಭ್ಯಾಸವಿದ್ದರೆ, ಇದು ಹತ್ತಿರವಾಗುತ್ತೆ. ಯಾಕೆಂದರೆ ಇಲ್ಲಿ ಕಾರ್ಡ್‌ಗಳ ಓಟ ಕಡಿಮೆ. ಒಂದು ಸ್ವರಶ್ರೇಣಿ ಹಿಡಿದು ಅದರೊಳಗೇ ಓಡಾಡುತ್ತಾರೆ. 'ಸೋ ವಾಟ್' ಅನ್ನುವ ಮೊದಲ ತುಣುಕಿನಲ್ಲಿ ಅದೇ ಶ್ರೇಣಿ ಅರ್ಧ ಸ್ವರ ಮೇಲಕ್ಕೆ ಹೋಗಿ ಮತ್ತೆ ಕೆಳಗಿಳಿಯುತ್ತೆ, ಅಷ್ಟೇ ಬಂಡವಾಳ! ಒಂದು ವಾರ ಬರೀ ಪಾಲ್ ಚೇಂಬರ್ಸ್‌ನ ಬಾಸ್ ಹಿಂದೆ ಹೋಗಿ, ಇನ್ನೊಂದು ವಾರ ಬಿಲ್ ಇವಾನ್ಸ್‌ನ ಪಿಯಾನೋ ಹಿಂದೆ. ಬೇರೆಯೇ ಆಲ್ಬಂ ಕೇಳಿದ ಹಾಗಿರುತ್ತೆ.

'ಕಾಲ್ ಆಫ್ ದಿ ವ್ಯಾಲಿ' 1967ರದು. ಶಿವಕುಮಾರ್ ಶರ್ಮಾ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಕೊಳಲು, ಬ್ರಿಜಭೂಷಣ್ ಕಾಬ್ರಾ ಗಿಟಾರ್. ಕಾಶ್ಮೀರದ ಕುರಿಗಾಹಿಯ ಒಂದು ದಿನ; ಬೆಳಗ್ಗೆ ಅಹೀರ್ ಭೈರವ್‌ನಿಂದ ಹೊರಟು ಕೊನೆಗೆ ಪಹಾಡಿ. ಫೋನಿನಲ್ಲಿ ಶಫಲ್ ಒತ್ತಿದಿರೋ, ಪಾಪ ಅವನಿಗೆ ಬೆಳಗಾಗುವ ಮೊದಲೇ ಸಂಜೆ! ಇಪ್ಪತ್ತು ಸಲ ಕೇಳಿದ ಮೇಲೆ ನನ್ನ ತಕರಾರು ಒಂದೇ: ಮಾಧುರ್ಯ ಸ್ವಲ್ಪ ಜಾಸ್ತಿ. ಪಾಯಸದ ಮೇಲೆ ಹೋಳಿಗೆ ಬಡಿಸಿದ ಹಾಗೆ. ಮೈಲ್ಸ್ ಬಿಡುವ ಮೌನ ಇಲ್ಲಿ ಸಿಗುವುದಿಲ್ಲ.

ಇನ್ನು ನಮ್ಮದು. 1978ರ 'ನಿತ್ಯೋತ್ಸವ'. ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ರಾಗ ಸಂಯೋಜನೆ. ಭಾವಗೀತೆಗಳ ಮೊದಲ ಧ್ವನಿಸುರುಳಿ ಅಂತಲೇ ಇದು ಹೆಸರಾದದ್ದು. ಊರು ಬಿಟ್ಟ ನಮ್ಮಂಥವರು ಇದನ್ನು ತೂಗುವಾಗ ತಕ್ಕಡಿಯ ಮೇಲೆ ಬೆರಳಿಟ್ಟಿರುತ್ತೇವೆ, ಗೊತ್ತಲ್ಲ? ಜೋಗ, ತುಂಗೆ ಅಂದ ಕೂಡಲೇ ಗಂಟಲು ಕಟ್ಟುತ್ತೆ. ಅದು ಸಂಗೀತವೋ, ತವರೋ?

ಅದಕ್ಕೇ ನನ್ನ ಮಗಳಿಗೆ ಕೇಳಿಸುತ್ತೇನೆ. ಮುಂಬೈಯಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಅರ್ಧಂಬರ್ಧ. ಭೀಮಸೇನ ಜೋಶಿಯವರ ದಾಸವಾಣಿ ಅವಳಿಗೆ ಅಭಂಗದ ಹಾಗೇ ಸಲೀಸಾಗಿ ಇಳಿಯುತ್ತೆ. ಮಾತು ತಿಳಿಯದಿದ್ದರೂ ದನಿ ಎಳೆದುಕೊಂಡು ಹೋಗುತ್ತೆ. 'ನಿತ್ಯೋತ್ಸವ' ಹಾಕಿದರೆ, "ಅಪ್ಪಾ, ಚೆನ್ನಾಗಿದೆ, ಏನ್ ಹೇಳ್ತಾ ಇದಾರೆ?" ಅಂತಾಳೆ. ಆ ಪ್ರಶ್ನೆಯೇ ಅನಂತಸ್ವಾಮಿಯವರ ಹೆಚ್ಚುಗಾರಿಕೆ ಅಂತ ನನಗನ್ನಿಸುತ್ತೆ. ರಾಗ ಮುಂದೆ ಬಂದು ಮೆರೆಯುವುದಿಲ್ಲ, ಪಕ್ಕಕ್ಕೆ ಸರಿದು ಪದಕ್ಕೆ ದಾರಿ ಬಿಡುತ್ತೆ. ಆದರೆ ಪದ ಗೊತ್ತಿಲ್ಲದವರ ಮನೆ ಬಾಗಿಲಿಗೆ ಬಂದು ನಿಂತುಬಿಡುತ್ತೆ. ಬಾಗಿಲು ತೆಗೆಯುವುದು ನಮ್ಮ ಕೆಲಸ ಅಲ್ವೇ?

ನಾವು ಮಾಡುತ್ತಿರುವುದಾದರೂ ಏನು? ನವೆಂಬರ್ ಬಂತೆಂದರೆ ಕನ್ನಡ ಸಂಘದ ವೇದಿಕೆ ಮೇಲೆ ಶೀರ್ಷಿಕೆ ಗೀತೆಯೊಂದನ್ನೇ ಸಾಮೂಹಿಕವಾಗಿ ಹಾಡಿ, ಉಪ್ಪಿಟ್ಟು-ಕೇಸರಿಬಾತ್ ತಿಂದು ಮನೆಗೆ. ಪೂರ್ತಿ ಆಲ್ಬಂ ಮೊದಲಿಂದ ಕೊನೆಯವರೆಗೆ ಕೇಳಿದವರು ನಮ್ಮ ಬಿಲ್ಡಿಂಗಿನ ಕನ್ನಡದವರಲ್ಲಿ ಎಷ್ಟು ಮಂದಿ? ನಾನು ವಿಚಾರಿಸಿದ ಆರು ಮನೆಯಲ್ಲಿ ಒಬ್ಬರು.

ಸದ್ಯಕ್ಕೆ ನಮ್ಮ ಮನೆಯಲ್ಲಿ ಭಾನುವಾರಕ್ಕೆ ಒಂದು ಹಾಡು ಅಂತ ಇಟ್ಟುಕೊಂಡಿದ್ದೇವೆ. ಮೊದಲು ಕವಿತೆ ಓದುವುದು, ಆಮೇಲೆ ಎರಡು ಸಲ ಕೇಳುವುದು. ಮೂರು ಹಾಡು ಆಯಿತು. ಮೈಲ್ಸ್ ಡೇವಿಸ್ ಮಾತ್ರ ಅವಳಿಗೆ ಸುತರಾಂ ಬೇಡವಂತೆ!