ಬಿಡುವಿನ ವೇಳೆ: ದೀಪ ಆರಿಸದೆ ನೋಡಿ



ಬನಶಂಕರಿಯ ಗೆಳತಿಯೊಬ್ಬರು ಕಾಗದ ಬರೆದು ಕೇಳಿದ್ದಾರೆ: "ಹೆದರಿಕೆಯ ಸಿನಿಮಾ ಅಂದ್ರೆ ನನಗೆ ಪ್ರಾಣ. ಮನೆಯಲ್ಲಿ ಎಲ್ಲರೂ ನಗುತ್ತಾರೆ. ಸಂಸಾರಸ್ಥೆ ಇಂಥದ್ದು ನೋಡಬಾರದೇ?"

ಯಾಕೆ ನೋಡಬಾರದು ರೀ? 1990ರ ದಶಕದಲ್ಲಿ ನಮ್ಮ ಬೆಂಗಳೂರಿನ ಎಷ್ಟೋ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದಿದ್ದು ನೆನಪಿದೆಯಲ್ಲ? ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವವನ್ನು ಸಾಲ ಕೊಟ್ಟವನನ್ನು ಸಾಗಹಾಕುವಂತೆ ಸಾಗಹಾಕಿದವರು ನಾವು. ನಮಗೇನು ಭಯ!

ದೆವ್ವದ ಚಿತ್ರ ಎಂದ ಕೂಡಲೇ ಎಲ್ಲರೂ ಅನಂತನಾಗ್-ಲಕ್ಷ್ಮಿ ಅಭಿನಯದ 'ನಾ ನಿನ್ನ ಬಿಡಲಾರೆ' (1979) ಅಥವಾ 'ಆಪ್ತಮಿತ್ರ' (2004) ಹೆಸರು ಹೇಳುತ್ತಾರೆ. ಅವು ನಿಮಗೆ ಬಾಯಿಪಾಠ. ಅಷ್ಟಾಗಿ ಮಾತಿಗೆ ಬಾರದ ಎರಡನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದು ಜಪಾನಿನ 'ಡಾರ್ಕ್ ವಾಟರ್', 2002ರದು. 'ರಿಂಗ್' ಚಿತ್ರ ಮಾಡಿದ ಹಿಡಿಯೊ ನಕಾಟನೇ ಇದರ ನಿರ್ದೇಶಕ. ಗಂಡನಿಂದ ಬೇರೆಯಾಗುತ್ತಿರುವ ಹೆಣ್ಣುಮಗಳು, ಜೊತೆಗೆ ಪುಟ್ಟ ಮಗಳು. ಮಗು ಯಾರ ಪಾಲಿಗೆ ಎಂಬ ಜಗಳ ಇನ್ನೂ ಮುಗಿದಿಲ್ಲ. ಕೈಗೆಟಕುವ ಬಾಡಿಗೆಯ ಹಳೇ ಫ್ಲಾಟಿಗೆ ಬರುತ್ತಾಳೆ. ಮೇಲಿನ ಛಾವಣಿಯಲ್ಲಿ ಒಂದು ಒದ್ದೆ ಕಲೆ. ದಿನದಿನಕ್ಕೂ ದೊಡ್ಡದಾಗುತ್ತದೆ, ತೊಟ್ಟಿಕ್ಕುತ್ತದೆ. ದೂರು ಹೇಳಿದರೆ ಕೇಳುವವರಿಲ್ಲ. ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳಲ್ಲಿ ಇರುವವರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ. ಮೇಲಿನ ಮನೆಯವರು "ನಮ್ಮ ಬಾತ್‌ರೂಮಿಂದ ಅಲ್ಲ" ಎನ್ನುತ್ತಾರೆ, ಅಸೋಸಿಯೇಷನ್‌ನವರು ಮುಂದಿನ ಮೀಟಿಂಗಿಗೆ ಎನ್ನುತ್ತಾರೆ. ಇಲ್ಲಿ ಮಾತ್ರ ಸೋರಿಕೆಯ ಜೊತೆಗೆ ಒಂದು ಕೆಂಪು ಬ್ಯಾಗು. ಪುಟ್ಟ ಹುಡುಗಿಯ ಬ್ಯಾಗು. ಎಸೆದಷ್ಟೂ ಹಿಂತಿರುಗಿ ಬರುತ್ತದೆ.

ನನ್ನನ್ನು ಅಲ್ಲಾಡಿಸಿದ್ದು ಆ ಬ್ಯಾಗಲ್ಲ. ಕೆಲಸದ ಸಂದರ್ಶನ ಲಂಬಿಸಿ, ಆಕೆ ಶಿಶುವಿಹಾರಕ್ಕೆ ತಡವಾಗಿ ಓಡುವ ದೃಶ್ಯ. ನಾನೂ ಒಮ್ಮೆ ಸಿಲ್ಕ್ ಬೋರ್ಡ್ ಬಳಿ ಬಸ್ಸಿನಲ್ಲಿ ಸಿಕ್ಕಿಕೊಂಡು, ಮಗಳ ಶಾಲೆಗೆ ಒಂದೂಕಾಲು ಗಂಟೆ ತಡವಾಗಿ ಮುಟ್ಟಿದ್ದೆ. ಮಳೆ ಬೇರೆ. ವಾಚ್‌ಮನ್ ಪಕ್ಕದ ಸ್ಟೂಲಿನ ಮೇಲೆ ಅವಳು ಬ್ಯಾಗು ಅಪ್ಪಿಕೊಂಡು ಕೂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿತು. "ನೀನು ಬರಲ್ಲ ಅಂತ ಗೊತ್ತಾಯ್ತು" ಎಂದಳು, ಅಷ್ಟೇ. ಈಗ ಅವಳಿಗೇ ಕೆಲಸ ಸಿಕ್ಕಿದೆ, ಅವಳಿಗೆ ಅದು ನೆನಪೂ ಇಲ್ಲ. ನನಗೆ ಮಾತ್ರ ಚಿತ್ರದ ನಡುವೆ ಎದ್ದು ಹೋಗಿ ನೀರು ಕುಡಿದು ಬರಬೇಕಾಯಿತು. ಅಮೆರಿಕದವರು 2005ರಲ್ಲಿ ಇದನ್ನೇ ಮತ್ತೆ ತೆಗೆದರು. ನೀವು ಜಪಾನಿನದನ್ನೇ ಹುಡುಕಿ ನೋಡಿ.

ಎರಡನೆಯದು ನಮ್ಮದೇ, ದಯಾಳ್ ಪದ್ಮನಾಭನ್ ಅವರ 'ಆ ಕರಾಳ ರಾತ್ರಿ' (2018). ಮೋಹನ್ ಹಬ್ಬು ಅವರ ನಾಟಕದಿಂದ ಬಂದ ಕಥೆ. ರಾಜ್ಯ ಪ್ರಶಸ್ತಿ ಪಡೆದ ಚಿತ್ರವಾದರೂ ನಾನು ಕೇಳಿದ ಹತ್ತು ಮಂದಿಯಲ್ಲಿ ನೋಡಿದ್ದವರು ಒಬ್ಬರೇ. ಇದರಲ್ಲಿ ದೆವ್ವವೇ ಇಲ್ಲ. ಮಲೆನಾಡಿನ ಬಡ ಮನೆ, ಅಪ್ಪ, ಅಮ್ಮ, ಮದುವೆಯಾಗದೆ ಉಳಿದ ಮಗಳು. ಒಂದು ರಾತ್ರಿಯ ಮಟ್ಟಿಗೆ ತಂಗಲು ಅಪರಿಚಿತನೊಬ್ಬ ಬರುತ್ತಾನೆ, ಅವನ ಬಳಿ ಬೇಕಾದಷ್ಟು ಹಣ. ಮುಂದಿನದನ್ನು ನಾನು ಹೇಳಲಾರೆ, ಹೇಳಿದರೆ ನೀವು ನನ್ನನ್ನು ಬೈಯುತ್ತೀರಿ. ಮಗಳಾಗಿ ಅನುಪಮಾ ಗೌಡ, ಅಪ್ಪನಾಗಿ ರಂಗಾಯಣ ರಘು. ಅಮ್ಮನ ಪಾತ್ರದ ವೀಣಾ ಸುಂದರ್ ಮುಖವನ್ನು ಗಮನಿಸಿ. ಅತಿಥಿಗೆ ಉಪಚಾರ ಮಾಡುವ ಮನೆಯಲ್ಲಿ ಬೇಡದ ಯೋಚನೆ ಎಷ್ಟು ಸದ್ದಿಲ್ಲದೆ ಒಳಗೆ ಬರುತ್ತದೆ, ನೋಡಿ!

ಪವನ್ ಕುಮಾರ್ ಅವರ 'ಯು ಟರ್ನ್' (2016) ಕೂಡ ಸಿಕ್ಕರೆ ಬಿಡಬೇಡಿ. ನಮ್ಮ ಡಬಲ್ ರೋಡ್ ಫ್ಲೈಓವರಿನ ಮೇಲೆ ಅಡ್ಡ ಕಲ್ಲು ಸರಿಸಿ ಗಾಡಿ ತಿರುಗಿಸುವವರ ಕಥೆ. ನಿಮ್ಮ ಮನೆಯ ಗಂಡುಮಕ್ಕಳನ್ನೂ ಕೂರಿಸಿಕೊಳ್ಳಿ.

ಜಯನಗರದ ನಂದಾ, ಸೌತ್ ಎಂಡ್ ಸರ್ಕಲ್ಲಿನ ಶಾಂತಿ ಚಿತ್ರಮಂದಿರಗಳೆಲ್ಲ ಹೋದವು. ಈಗ ಹೆದರುವುದೂ ಮನೆಯೊಳಗೇ. ಮಕ್ಕಳು ಮಲಗಿದ ಮೇಲೆ ಹಾಕಿಕೊಳ್ಳಿ. ಬಾಣಂತಿಯರು, ಈಚೆಗೆ ಮನೆಯಲ್ಲಿ ಸಾವು ಕಂಡವರು 'ಡಾರ್ಕ್ ವಾಟರ್' ಈಗ ಬೇಡ, ಆಮೇಲೆ ನೋಡಿದರಾಯಿತು. ಅಡುಗೆಮನೆಯ ದೀಪ ಉರಿಯುತ್ತಿರಲಿ. ಅವರೇಕಾಯಿ ಕಾಲವಾದರೆ ನೆನೆಸಿದ ಕಾಳನ್ನು ಮುಂದಿಟ್ಟುಕೊಂಡು ಹಿತಕುತ್ತಾ ಕೂತುಕೊಳ್ಳಿ. ಕೈಗೆ ಕೆಲಸವಿದ್ದರೆ ಎದೆ ಅಷ್ಟು ಹೊಡೆದುಕೊಳ್ಳುವುದಿಲ್ಲ. ನನ್ನದು ಮೊನ್ನೆ ಒಂದು ಸೇರು ಮುಗಿದೇ ಹೋಯಿತು.