ಜಾಲವು ಮೂಕವಾದಾಗ

ಕಂಪ್ಯೂಟರಿನ ಜಾಲವು ಕೆಟ್ಟಿತೆಂದರೆ ನಮ್ಮಲ್ಲಿ ನಡೆಯುವ ಉಪಚಾರವು ಒಂದೇ. ದೀಪ ಮಿನುಗುವ ಪೆಟ್ಟಿಗೆಯ ಸ್ವಿಚ್ಚನ್ನು ಆರಿಸುವುದು, ಹತ್ತು ಎಣಿಸುವುದು, ಮತ್ತೆ ಹಾಕುವುದು. ಕೆಲವು ವೇಳೆ ಇದರಿಂದ ಗುಣವಾಗುವುದೂ ಉಂಟು. ಹೀಗೆ ಗುಣವಾಗುವುದೇ ಈ ಉಪಚಾರದ ದೊಡ್ಡ ದೋಷವೆಂದು ನಾವು ಹೇಳಿದರೆ ವಾಚಕರು ಆಶ್ಚರ್ಯಪಡಬಹುದು. ಆದರೆ ರೋಗವಾವುದೆಂದು ತಿಳಿಯುವ ಮೊದಲೇ ರೋಗದ ಚಿಹ್ನೆಗಳನ್ನೆಲ್ಲ ಅಳಿಸಿಹಾಕುವ ವೈದ್ಯವನ್ನು ನಾವು ಬೇರೆಲ್ಲಿಯೂ ಮೆಚ್ಚುವುದಿಲ್ಲವಷ್ಟೆ.

ನಾವು ಪಾಠ ಹೇಳುವ ಕಾಲೇಜಿನಲ್ಲಿ ವಿದ್ಯಾರ್ಥಿವೇತನದ ಅರ್ಜಿಗಳನ್ನು ಸಲ್ಲಿಸಲು ಎರಡೇ ದಿನಗಳು ಉಳಿದಿರುವಾಗ ಪ್ರಯೋಗಶಾಲೆಯ ಕೆಲವು ಯಂತ್ರಗಳು ಹೊರಗಿನ ಸಂಪರ್ಕವನ್ನು ಕಳೆದುಕೊಂಡುವು. ಎಲ್ಲವನ್ನೂ ಆರಿಸಿ ಹಾಕಿದೆವು. ಮಲಗಿದ್ದವುಗಳಲ್ಲಿ ಎರಡು ಎದ್ದುವು, ಎದ್ದಿದ್ದ ಒಂದು ಮಲಗಿತು. ಮತ್ತೆ ಆರಿಸಿ ಹಾಕಿದೆವು. ತಂತಿಗಳನ್ನು ಬದಲಾಯಿಸಿದೆವು, ಸಂಪರ್ಕ ಒದಗಿಸುವವರನ್ನು ಮನಸಾರೆ ಬೈದೆವು. ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಅರ್ಜಿಯು ಗಡುವಿನೊಳಗೆ ಹೋಗಲೇ ಇಲ್ಲ. ಮೂರನೆಯ ದಿನ, ದ್ವಿತೀಯ ವರ್ಷದ ಹುಡುಗನೊಬ್ಬನು ಒಂದು ಹಾಳೆಯ ಮೇಲೆ ಪ್ರತಿಯೊಂದು ಯಂತ್ರದ ವಿಳಾಸಸಂಖ್ಯೆಯನ್ನೂ ಅದರ ಮುಂದೆ ‘ಸರಿ’ ಅಥವಾ ‘ಇಲ್ಲ’ ಎಂಬುದನ್ನೂ ಬರೆದನು. ಸರಿಯಿದ್ದವುಗಳ ಸಂಖ್ಯೆಗಳೆಲ್ಲವೂ ೧೦ರಿಂದ ಮೊದಲಾಗುತ್ತಿದ್ದುವು, ಕೆಟ್ಟವುಗಳದು ೧೯೨.೧೬೮ರಿಂದ. ಅಷ್ಟರಿಂದಲೇ ಗುಟ್ಟು ಬಯಲಾಯಿತು. ಯಂತ್ರವು ಎಚ್ಚೆತ್ತೊಡನೆ ‘ನನ್ನ ವಿಳಾಸವೇನು?’ ಎಂದು ಜಾಲದಲ್ಲಿ ಕೂಗಿ ಕೇಳುವುದು. ಸಾಮಾನ್ಯವಾಗಿ ಮೊದಲು ಉತ್ತರ ಕೊಟ್ಟವನ ಮಾತನ್ನು ನಂಬುವುದು. ನಮ್ಮಲ್ಲಿ ಉತ್ತರ ಕೊಡುವವರು ಇಬ್ಬರಾಗಿದ್ದರು. ಎರಡನೆಯವನು ಅಧ್ಯಾಪಕರ ಕೊಠಡಿಯ ಕಪಾಟಿನ ಹಿಂದೆ ಯಾರೋ ಸಿಕ್ಕಿಸಿದ್ದ ಒಂದು ನಿಸ್ತಂತು ಪೆಟ್ಟಿಗೆ. (ಆ ‘ಯಾರೋ’ ನಮ್ಮ ಪೈಕಿಯವರೇ ಎಂಬುದನ್ನು ಮುಚ್ಚಿಡಲಾರೆವು.) ಅದನ್ನು ನಂಬಿದ ಯಂತ್ರಗಳಿಗೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ನಾವು ಪ್ರತಿಸಲ ಆರಿಸಿ ಹಾಕಿದಾಗಲೂ ನಡೆಯುತ್ತಿದ್ದುದು ಹೊಸದಾಗಿ ಚೀಟಿ ಎತ್ತುವ ಕೆಲಸ ಮಾತ್ರ.

ಆ ಹುಡುಗನು ಮಾಡಿದುದು ಯಾವ ದೊಡ್ಡ ವಿದ್ಯೆಯೂ ಅಲ್ಲ. ಹತ್ತಿರದಿಂದ ದೂರಕ್ಕೆ ಹೋಗುವ ಕ್ರಮವನ್ನು ಯಾರಾದರೂ ಕಲಿಯಬಹುದು. ೧೨೭.೦.೦.೧ ಎಂಬ ವಿಳಾಸಕ್ಕೆ ಕರೆ ಕಳುಹಿಸಿದರೆ ಯಂತ್ರವು ತನಗೆ ತಾನೇ ಉತ್ತರಿಸುವುದು. ಅಲ್ಲಿಂದ ಜಾಲದ ಬಾಗಿಲಿನಂತಿರುವ ಪೆಟ್ಟಿಗೆ, ಆಮೇಲೆ ಹೊರಗಿನ ಒಂದು ಸಂಖ್ಯಾವಿಳಾಸ, ಕೊನೆಗೆ ಹೆಸರು. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ದಾರಿಯು ಸರಿಯಾಗಿದೆ, ಹೆಸರನ್ನು ಸಂಖ್ಯೆಯಾಗಿ ಮಾರ್ಪಡಿಸುವ ವ್ಯವಸ್ಥೆಯು ಕೆಟ್ಟಿದೆ ಎಂದು ತಿಳಿಯಬೇಕು. ಕೆಲವು ಯಂತ್ರಗಳು ಬೇಕೆಂದೇ ಉತ್ತರಿಸದಿರುವುದರಿಂದ ಮೌನವನ್ನು ಒಡನೆಯೇ ಮರಣವೆಂದು ಭಾವಿಸಲಾಗದು.

ಈ ಕರೆಗೆ ‘ಪಿಂಗ್’ ಎಂದು ಹೆಸರು. ಜಲಾಂತರ್ಗಾಮಿಯನ್ನು ಹುಡುಕುವ ಸೋನಾರ್ ಯಂತ್ರದ ಸದ್ದಿನಿಂದ ಬಂದುದು. ಅಮೆರಿಕದ ಸೈನ್ಯದ ಬ್ಯಾಲಿಸ್ಟಿಕ್ ಸಂಶೋಧನಾ ಪ್ರಯೋಗಾಲಯದಲ್ಲಿದ್ದ ಮೈಕ್ ಮೂಸ್ ಎಂಬಾತನು ಜಾಲದ ವಿಚಿತ್ರ ವರ್ತನೆಯ ಕಾರಣವನ್ನು ಹುಡುಕಲೆಂದು ೧೯೮೩ರ ಡಿಸೆಂಬರಿನಲ್ಲಿ ಇದನ್ನು ಬರೆದನು. ಅದು ಸಿದ್ಧವಾಗುವಷ್ಟರಲ್ಲಿ ಆ ದೋಷವು ಬೇರೆ ರೀತಿಯಿಂದ ಪತ್ತೆಯಾಗಿ ದುರಸ್ತಿಯೂ ಆಗಿತ್ತೆಂಬುದು ತಮಾಷೆಯ ಸಂಗತಿ. ಪಿಂಗ್ ನಮಗೆ ಕಾಲವನ್ನೂ ತಿಳಿಸುವುದರಿಂದ ಭೌತಶಾಸ್ತ್ರದವರಿಗೆ ಇದರಲ್ಲಿ ವಿಶೇಷ ಪ್ರೀತಿ. ಗಾಜಿನ ಎಳೆಯಲ್ಲಿ ಬೆಳಕಿನ ವೇಗವು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರು. ಉತ್ತರವು ೩ ಮಿಲಿಸೆಕೆಂಡುಗಳಲ್ಲಿ ಬಂದಿತೆಂದರೆ, ಹೋಗಿ ಬರುವ ದಾರಿಯು ೬೦೦ ಕಿಲೋಮೀಟರನ್ನು ಮೀರಿರಲಾರದು. ಉತ್ತರಿಸಿದ ಯಂತ್ರವು ೩೦೦ ಕಿಲೋಮೀಟರಿನ ಒಳಗೇ ಇದೆ. ಬೆಂಗಳೂರಿನಲ್ಲಿ ಕುಳಿತವನಿಗೆ ಅಂಥ ಉತ್ತರವು ದೆಹಲಿಯಿಂದ ಬಂದಿತೆಂದು ಯಾರು ಹೇಳಿದರೂ ನಂಬಬೇಕಾಗಿಲ್ಲ.

ಇನ್ನು ದೋಷವು ತಂತಿಯಲ್ಲಿಯೂ ಇಲ್ಲದೆ, ಪೆಟ್ಟಿಗೆಯಲ್ಲಿಯೂ ಇಲ್ಲದೆ ಇರುವ ಸಂದರ್ಭಗಳುಂಟು. ೧೯೮೬ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಅಲ್ಲಿಂದ ಕೇವಲ ೪೦೦ ಗಜ ದೂರದಲ್ಲಿದ್ದ ಬರ್ಕ್ಲಿ ವಿಶ್ವವಿದ್ಯಾನಿಲಯಕ್ಕೂ ನಡುವೆ ಸೆಕೆಂಡಿಗೆ ೩೨,೦೦೦ ಬಿಟ್‌ಗಳಷ್ಟಿದ್ದ ಹರಿವು ೪೦ ಬಿಟ್‌ಗಳಿಗೆ ಇಳಿದುಹೋಯಿತು. ಕಾಗದವನ್ನು ಕೈಯಲ್ಲಿ ಹಿಡಿದು ನಡೆದುಹೋಗಿದ್ದರೆ ಬೇಗನೆ ತಲಪುತ್ತಿತ್ತು! ವ್ಯಾನ್ ಜೇಕಬ್‌ಸನ್ ಮತ್ತು ಮೈಕೆಲ್ ಕ್ಯಾರೆಲ್ಸ್ ಎಂಬವರು ಇದನ್ನು ತಾಳ್ಮೆಯಿಂದ ಪರಿಶೀಲಿಸಿದರು. ದಟ್ಟಣೆಯಲ್ಲಿ ಕಳೆದುಹೋದ ಪೊಟ್ಟಣಗಳಿಗಾಗಿ ಕಳುಹಿಸುವ ಯಂತ್ರಗಳು ಅವಸರಪಟ್ಟು ಮತ್ತೆ ಮತ್ತೆ ಅವನ್ನೇ ಕಳುಹಿಸುತ್ತಿದ್ದುವು. ಅದರಿಂದ ದಟ್ಟಣೆಯು ಇನ್ನಷ್ಟು ಹೆಚ್ಚುತ್ತಿದ್ದಿತು. ಮೊದಲು ನಿಧಾನವಾಗಿ ಕಳುಹಿಸಿ, ತಲಪಿದ ಸುದ್ದಿ ಬಂದಂತೆ ವೇಗವನ್ನು ಹೆಚ್ಚಿಸಿ, ಪೊಟ್ಟಣ ಕಳೆದರೆ ತಗ್ಗಿಸುವ ನಿಯಮಗಳನ್ನು ೧೯೮೮ರ ಪ್ರಬಂಧದಲ್ಲಿ ಅವರು ವಿವರಿಸಿದರು. ಅಂದು ಅವರು ಯಂತ್ರಗಳನ್ನು ಆರಿಸಿ ಹಾಕಿ ಸುಮ್ಮನಾಗಿದ್ದರೆ ಈ ನಿಯಮಗಳು ಹುಟ್ಟುತ್ತಿದ್ದುವೆ?

ನಮ್ಮ ಆಕ್ಷೇಪಣೆಯು ವಿದ್ಯಾರ್ಥಿಗಳ ಮೇಲಲ್ಲ, ನಮ್ಮ ಮೇಲೆಯೇ. ಪ್ರಾಯೋಗಿಕ ಪರೀಕ್ಷೆಯ ದಿನ ಸಹಾಯಕರು ಬೆಳಗ್ಗೆಯೇ ಬಂದು ಪ್ರತಿಯೊಂದು ಮೇಜಿನ ಉಪಕರಣವನ್ನೂ ಸರಿಯಾಗಿ ಜೋಡಿಸಿಟ್ಟಿರುವರು. ವ್ಹೀಟ್‌ಸ್ಟನ್ ಸೇತುವೆಯ ಮುಳ್ಳು ಆಡದಿದ್ದರೆ ವಿದ್ಯಾರ್ಥಿಯು ಕೈ ಎತ್ತುವನು. ನಾವು ಓಡಿಹೋಗಿ ಸಡಿಲವಾದ ತಿರುಪನ್ನು ಬಿಗಿಮಾಡಿ ಬರುವೆವು. ಮೂರು ವರ್ಷ ಹೀಗೆ ಕಳೆದವನು ಕೆಟ್ಟ ವಸ್ತುವಿನೆದುರಿಗೆ ಕೈ ಎತ್ತುವುದನ್ನಲ್ಲದೆ ಮತ್ತೇನನ್ನು ಕಲಿತಿರುತ್ತಾನೆ?

ಆದುದರಿಂದ ನಮ್ಮ ಸೂಚನೆಯಿಷ್ಟೆ. ಪರೀಕ್ಷೆಯಲ್ಲಿ ಒಂದು ಪ್ರಯೋಗವನ್ನಾದರೂ ಬೇಕೆಂದೇ ಕೆಡಿಸಿ ಕೊಡಬೇಕು. ಅದು ಒಳಗೇ ತುಂಡಾದ ತಂತಿಯಾಗಬಹುದು, ತಪ್ಪು ವಿಳಾಸ ಹೊತ್ತ ಯಂತ್ರವಾಗಬಹುದು. ಅಂಕವನ್ನು ಸರಿಪಡಿಸಿದುದಕ್ಕಿಂತ ಹೆಚ್ಚಾಗಿ, ಯಾವ ಪರೀಕ್ಷೆಯನ್ನು ಏಕೆ ಮಾಡಿದನೆಂದು ಬರೆದ ಹಾಳೆಗೆ ಕೊಡಬೇಕು. ಇದರಿಂದ ನಮಗೆ ಮೌಲ್ಯಮಾಪನದ ಕೆಲಸ ಹೆಚ್ಚುವುದು ನಿಶ್ಚಯ; ಸಹೋದ್ಯೋಗಿಗಳು ಈಗಾಗಲೇ ಗೊಣಗುತ್ತಿದ್ದಾರೆ. ಬರುವ ಅರ್ಧವರ್ಷದ ಆಂತರಿಕ ಪರೀಕ್ಷೆಯಲ್ಲಿ ನಮ್ಮ ವಿಭಾಗದ ಒಂದು ಮೇಜಿನ ಮೇಲಾದರೂ ಇದನ್ನು ಮಾಡಿ ನೋಡಲಿದ್ದೇವೆ. ಕೆಡಿಸುವ ಕೆಲಸವನ್ನು ಆ ದ್ವಿತೀಯ ವರ್ಷದ ಹುಡುಗನಿಗೆ ಒಪ್ಪಿಸಿದ್ದೇವೆ.