ಪ್ರಶ್ನೆಪತ್ರಿಕೆ ಬಯಲಾಗಿತ್ತೆ?

ಬಿ.ಎ. ತರಗತಿಯಲ್ಲಿ ಅರ್ಥಶಾಸ್ತ್ರ, ತತ್ತ್ವಶಾಸ್ತ್ರ ಓದುವವನಿಗೆ ಕ್ವಾಂಟಂ ವಿಜ್ಞಾನದ ಗೊಡವೆ ಏಕೆಂದು ಯಾರಾದರೂ ಕೇಳಬಹುದು. ನನ್ನ ಉತ್ತರವಿಷ್ಟೆ: ಆ ವಿಜ್ಞಾನದ ನಡುಮನೆಯಲ್ಲಿ ನಡೆದಿರುವ ಒಂದು ವ್ಯಾಜ್ಯ ಗಣಿತದ್ದಲ್ಲ, ತರ್ಕದ್ದು. ಪ್ರಶ್ನೆ ಕೇಳುವವನು ಸ್ವತಂತ್ರನೋ ಅಲ್ಲವೋ ಎಂಬುದೇ ಅಲ್ಲಿಯ ವಾದ. ಅದರಲ್ಲಿ ಮಾತನಾಡುವ ಹಕ್ಕು ನಮಗೂ ಉಂಟು.

ನಮಗೆಲ್ಲ ಚಿರಪರಿಚಿತವಾದ ಪರೀಕ್ಷೆಯ ಭಾಷೆಯಲ್ಲೇ ಹೇಳುತ್ತೇನೆ. ಇಬ್ಬರು ಗೆಳೆಯರನ್ನು ದೂರ ದೂರದ ಎರಡು ಕೊಠಡಿಗಳಲ್ಲಿ ಕೂರಿಸಿದೆಯೆನ್ನಿ. ಅಲ್ಲಲ್ಲಿಯ ಮೇಲ್ವಿಚಾರಕರು ನಾಣ್ಯ ಚಿಮ್ಮಿ, ಒಂದನೆಯ ಪ್ರಶ್ನೆಯನ್ನೋ ಎರಡನೆಯದನ್ನೋ ಕೇಳುತ್ತಾರೆ. ಉತ್ತರ ‘ಹೌದು’ ಇಲ್ಲವೆ ‘ಇಲ್ಲ’. ಇಬ್ಬರಿಗೂ ಎರಡನೆಯ ಪ್ರಶ್ನೆಯೇ ಬಂದರೆ ಅವರ ಉತ್ತರಗಳು ಬೇರೆ ಬೇರೆಯಾಗಬೇಕು. ಉಳಿದ ಎಲ್ಲ ಸಂದರ್ಭಗಳಲ್ಲಿ ಒಂದೇ ಆಗಬೇಕು. ಗೆಳೆಯರು ಹಿಂದಿನ ರಾತ್ರಿಯೆಲ್ಲ ಕೂತು ಏನೇ ಒಪ್ಪಂದ ಮಾಡಿಕೊಂಡು ಬಂದಿರಲಿ, ಸರಾಸರಿಯಲ್ಲಿ ನೂರಕ್ಕೆ 75 ಸಲಕ್ಕಿಂತ ಹೆಚ್ಚು ಗೆಲ್ಲಲಾರರು. ನಂಬದವರು ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಬಹುದು. ಹತ್ತು ನಿಮಿಷದ ಕೆಲಸ.

ಒಂದೇ ಮೂಲದಿಂದ ಹೊರಟ ಜೋಡಿಕಣಗಳಾದರೋ ನೂರಕ್ಕೆ 85ರವರೆಗೆ ಗೆಲ್ಲಬಲ್ಲವೆಂದು ಕ್ವಾಂಟಂ ಸಿದ್ಧಾಂತ ಹೇಳುತ್ತದೆ. ಇಂಥ ಒಂದು ಎಲ್ಲೆ ಇದೆಯೆಂದೂ ಕ್ವಾಂಟಂ ಅದನ್ನು ದಾಟುತ್ತದೆಂದೂ 1964ರಲ್ಲಿ ತೋರಿಸಿಕೊಟ್ಟವರು ಜಾನ್ ಬೆಲ್. ಅವರು 1928ರಲ್ಲಿ ಬೆಲ್‌ಫಾಸ್ಟ್ ನಗರದ ಒಂದು ಬಡ ಕುಟುಂಬದಲ್ಲಿ ಹುಟ್ಟಿದವರು. ಶಾಲೆ ಮುಗಿಸಿದ ಮೇಲೆ ಒಂದು ವರ್ಷ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ಸಹಾಯಕನ ಕೆಲಸ ಮಾಡಿ, ಅನಂತರ ಅಲ್ಲಿಯೇ ವಿದ್ಯಾರ್ಥಿಯಾದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನಾದ್ದರಿಂದ ಈ ಸಂಗತಿ ನನ್ನ ಮನಸ್ಸಿಗೆ ಹಿಡಿಯಿತು.

ಎಲ್ಲೆ ದಾಟಿದ್ದು ಹೇಗೆ? ಒಂದು ಕೊಠಡಿಯಲ್ಲಿ ನಡೆದದ್ದು ಇನ್ನೊಂದು ಕೊಠಡಿಯನ್ನು ಆ ಕ್ಷಣದಲ್ಲೇ ಮುಟ್ಟಿತು ಎನ್ನುವುದು ಒಂದು ದಾರಿ. ಇದನ್ನೇ ನಾನ್‌ಲೊಕ್ಯಾಲಿಟಿ ಎನ್ನುತ್ತಾರೆ. ಇದರ ಮೂಲಕ ಸುದ್ದಿ ಕಳುಹಿಸಲು ಮಾತ್ರ ಬಾರದು. ಇನ್ನೊಂದು ದಾರಿ ನಮಗೆ ಇನ್ನೂ ಚೆನ್ನಾಗಿ ಗೊತ್ತು: ಪ್ರಶ್ನೆಪತ್ರಿಕೆ ಮೊದಲೇ ಬಯಲಾಗಿರಬಹುದು! ಯಾವ ಪ್ರಶ್ನೆ ಬರುತ್ತದೆಂದು ತಿಳಿದಿದ್ದರೆ ನೂರಕ್ಕೆ ನೂರೂ ಗೆಲ್ಲಬಹುದಷ್ಟೆ. ಮಾಪನವನ್ನು ಸ್ವತಂತ್ರವಾಗಿ ಆರಿಸುತ್ತೇವೆಂಬ ಊಹೆಯ ಅರ್ಥ, ಪತ್ರಿಕೆ ಬಯಲಾಗಿಲ್ಲ ಎಂಬುದೇ ಹೊರತು ಬೇರೇನೂ ಅಲ್ಲ. 1976ರಲ್ಲಿ ಶಿಮೊನಿ, ಹಾರ್ನ್, ಕ್ಲೌಸರ್ ಎಂಬ ಮೂವರು ಈ ಊಹೆಯ ಮೇಲೆ ಬೆರಳಿಟ್ಟರು. ಬೆಲ್ ಅದನ್ನು ಅಲ್ಲಗಳೆಯದೆ ಉತ್ತರ ಬರೆದರು.

ಪರೀಕ್ಷೆಯ ಬಂದೋಬಸ್ತು ಹೇಗೆ ಬಿಗಿಯಾಗುತ್ತ ಬಂತೆಂಬುದು ಸ್ವಾರಸ್ಯವಾದ ಕಥೆ. 1972ರಲ್ಲಿ ಫ್ರೀಡ್ಮನ್ ಮತ್ತು ಕ್ಲೌಸರ್ ಪ್ರಯೋಗ ನಡೆಸಿದಾಗ ಪ್ರಶ್ನೆ ಮೊದಲೇ ನಿಗದಿಯಾಗಿರುತ್ತಿತ್ತು. 1982ರಲ್ಲಿ ಫ್ರಾನ್ಸಿನ ಆಸ್ಪೆ ಬೆಳಕಿನ ಕಣಗಳು ಹಾದಿಯಲ್ಲಿರುವಾಗಲೇ ಪ್ರಶ್ನೆ ಬದಲಾಗುವಂತೆ ಮಾಡಿದರು. 2015ರಲ್ಲಿ ಹಾಲೆಂಡಿನ ಡೆಲ್ಫ್ಟ್‌ನಲ್ಲಿ ಸುಮಾರು 1.3 ಕಿಲೋಮೀಟರ್ ಅಂತರದ ಎರಡು ಕಟ್ಟಡಗಳ ನಡುವೆ ಆಟ ನಡೆದು, 245 ಸರದಿಗಳಲ್ಲಿ 196 ಗೆಲುವು ಬಂತು. 2016ರ ನವೆಂಬರ್ 30ರಂದು ನಾನಾ ದೇಶಗಳ ಸುಮಾರು ಒಂದು ಲಕ್ಷ ಜನ ತಮಗೆ ತೋಚಿದಂತೆ ಸೊನ್ನೆ, ಒಂದು ಒತ್ತಿ ಪ್ರಶ್ನೆಗಳನ್ನು ಆರಿಸಿಕೊಟ್ಟರು. ಅದೂ ಸಾಲದೆಂದು, 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಪ್ರಶ್ನೆಯ ಆಯ್ಕೆಯನ್ನು ಕ್ವೇಸಾರುಗಳ ಬೆಳಕಿಗೇ ಒಪ್ಪಿಸಲಾಯಿತು. ಆ ಬೆಳಕು ಹೊರಟು ಏಳುನೂರು ಕೋಟಿ ವರ್ಷಗಳಿಗೂ ಮಿಗಿಲಾಗಿತ್ತು. ಫಲಿತಾಂಶ ಮಾತ್ರ ಬದಲಾಗಲಿಲ್ಲ. ಪತ್ರಿಕೆ ಬಯಲಾಗಿದ್ದರೆ ಭೂಮಿ ಹುಟ್ಟುವ ಮೊದಲೇ ಬಯಲಾಗಿರಬೇಕು.

ಆಗಿರಬಹುದು ಎನ್ನುವವರೂ ಇದ್ದಾರೆ. ಅವರು ಸಾಮಾನ್ಯರಲ್ಲ, 1999ರಲ್ಲಿ ನೊಬೆಲ್ ಪಡೆದ ಡಚ್ ವಿಜ್ಞಾನಿ ಟ್ ಹೂಫ್ಟ್ ಅವರಲ್ಲೊಬ್ಬರು. ಎಲ್ಲವೂ ಆದಿಯಲ್ಲೇ ಗೊತ್ತಾಗಿದೆ, ಪ್ರಶ್ನೆ ಕೇಳುವವನ ಕೈಯೂ ಕಣದ ಉತ್ತರವೂ ಒಂದೇ ಬರಹಕ್ಕೆ ಸೇರಿದವು ಎಂಬುದು ಈ ಪಕ್ಷ. ಕೇಳಿದೊಡನೆ ನಮ್ಮವರಿಗೆ ಹಣೆಬರಹದ ನೆನಪಾಗುತ್ತದೆ. ನಾನು ಒಪ್ಪದಿರುವುದು ಇಲ್ಲಿಯೇ. ಹಣೆಬರಹವಿದ್ದರೂ ಪತ್ರಿಕೆ ಬಯಲಾಗಬೇಕಿಲ್ಲ. ನಾಣ್ಯ ಬೀಳುವುದು ನ್ಯೂಟನ್ನನ ನಿಯಮದಂತೆಯೇ. ಆದರೂ ಆ ನಾಣ್ಯಕ್ಕೂ ಪಕ್ಕದೂರಿನ ಹುಡುಗನ ಉತ್ತರಕ್ಕೂ ನಂಟಿಲ್ಲ. ಈ ಪಕ್ಷಕ್ಕೆ ಬೇಕಾದದ್ದು ಬರೀ ವಿಧಿಯಲ್ಲ, ಕಪಟ ವಿಧಿ: ನಾಣ್ಯ, ಲಕ್ಷ ಜನರ ಬೆರಳು, ಕ್ವೇಸಾರು ಎಲ್ಲವೂ ಒಂದೇ ಸುಳ್ಳನ್ನು ಹೇಳಬೇಕು. “ನೀನು ಓದುವುದು ಹಣೆಯಲ್ಲಿ ಬರೆದಿತ್ತು, ಮಗಾ” ಎನ್ನುವ ನನ್ನ ಅಜ್ಜಿಯ ದೇವರು ಅಷ್ಟು ಕಪಟಿಯಲ್ಲ.

ಇದರಿಂದ ಮನುಷ್ಯನ ಇಚ್ಛಾಸ್ವಾತಂತ್ರ್ಯ ಸಿದ್ಧವಾಯಿತೆಂದು ಭಾಷಣ ಮಾಡುವವರ ಮಾತೂ ನನಗೆ ರುಚಿಸದು. ನಾಣ್ಯಕ್ಕೆ ಇಚ್ಛೆಯೆಲ್ಲಿಯದು?

ಊಹೆಯನ್ನು ಕೈಬಿಟ್ಟರೆ ಕಳೆದುಕೊಳ್ಳುವುದೇನೆಂದು ಇನ್ನೊಂದು ವ್ಯಾಜ್ಯದಿಂದ ತಿಳಿಯಬಹುದು. ಸಂಖ್ಯಾಶಾಸ್ತ್ರದ ಮಹಾಪಂಡಿತ ಫಿಶರ್ 1950ರ ದಶಕದ ಕೊನೆಗೆ, ಸಿಗರೇಟಿನಿಂದ ಕ್ಯಾನ್ಸರ್ ಬರುತ್ತದೆಂಬ ಮಾತಿಗೆ ಅಡ್ಡ ನಿಂತರು. ಸೇದುವ ಚಟವೂ ಕ್ಯಾನ್ಸರೂ ಎರಡೂ ಒಂದೇ ಆನುವಂಶಿಕ ಕಾರಣದಿಂದ ಬರಬಾರದೇಕೆ ಎಂಬುದು ಅವರ ಆಕ್ಷೇಪ. ಯಾರು ಸೇದಬೇಕೆಂದು ಯಾರೂ ಚೀಟಿಯೆತ್ತಿ ನಿರ್ಧರಿಸಿರಲಿಲ್ಲವಾದ್ದರಿಂದ ಆ ಆಕ್ಷೇಪಕ್ಕೆ ಕೊಂಚವಾದರೂ ಎಡೆಯಿತ್ತು. ಚೀಟಿಯೆತ್ತಿದ ಮೇಲೂ, ಚೀಟಿಯೇ ರೋಗದೊಡನೆ ಒಳಸಂಚು ನಡೆಸಿದೆ ಎಂದರೆ? ಯಾವ ಔಷಧದ ಪರೀಕ್ಷೆ ನಿಂತೀತು? ಅರ್ಥಶಾಸ್ತ್ರದಲ್ಲಿ ನಾವು ಓದುವ ಯಾವ ಮಾದರಿ ಸಮೀಕ್ಷೆ ನಿಂತೀತು? ತಲೆಮಾರುಗಳಿಂದ ಹಿರಿಯರು, ಧಣಿಗಳು ಹೇಳಿದ್ದನ್ನೇ ಕೇಳಿ ನಡೆದ ಮನೆಗಳಿಂದ ಬಂದ ನಮ್ಮಂಥವರ ಕೈಗೆ, ‘ಪರೀಕ್ಷಿಸಿ ನೋಡೋಣ’ ಎಂಬ ಅಸ್ತ್ರ ಈಗತಾನೆ ಸಿಕ್ಕಿದೆ. ಜಗತ್ತು ದೂರದಿಂದಲೂ ಹೆಣೆದುಕೊಂಡಿದೆ ಎಂಬುದನ್ನು ಅರಗಿಸಿಕೊಳ್ಳುವುದು ಕಷ್ಟವೇ, ಐನ್‌ಸ್ಟೈನರಿಗೇ ಆಗಲಿಲ್ಲ. ಆದರೂ ಅದನ್ನು ಅರಗಿಸಿಕೊಳ್ಳಲು ಈ ಅಸ್ತ್ರವನ್ನು ತೆರಬೇಕಿಲ್ಲ.

ಎದುರು ಪಕ್ಷವನ್ನು ತರ್ಕದಿಂದ ಖಂಡಿಸಿಬಿಟ್ಟೆನೆಂದು ನಾನು ಹೇಳುತ್ತಿಲ್ಲ. ಅದು ಸಾಧ್ಯವೂ ಇಲ್ಲ. ಕ್ವಾಂಟಂ ಸಿದ್ಧಾಂತ ಹೇಳದ ಏನನ್ನಾದರೂ ಅವರು ಮುಂದಾಗಿ ಹೇಳಿ, ಅದು ಪ್ರಯೋಗದಲ್ಲಿ ಕಾಣಿಸಿದರೆ ಸರಿ. ಅಂಥ ಪ್ರಯೋಗ ಹೇಗಿರಬಹುದೆಂದು ಅವರಲ್ಲಿ ಕೆಲವರು ಸೂಚಿಸಿದ್ದೂ ಉಂಟು. ಅದು ನಡೆದು ಅವರ ಮಾತು ನಿಲ್ಲುವವರೆಗೆ ನಾನು ಬೆಲ್ ಅವರ ಪಕ್ಷ.